ಕಿವಿಯಿಂದ ಓದುವ ಕನ್ನಡ

ಓದು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಣ್ಣು ಮತ್ತು ಪುಸ್ತಕ. ಆದರೆ ನಮ್ಮ ಸೀಮೆಯ ಹಿರಿಯರಲ್ಲಿ ಬಹುಮಂದಿ ಕಾವ್ಯ ಪುರಾಣಗಳನ್ನು ಅರಿತದ್ದು ಕಿವಿಯಿಂದ. ಶ್ರಾವಣ ಮಾಸದಲ್ಲಿ ಮಠದ ಪಡಸಾಲೆಯಲ್ಲೋ ಗುಡಿಯ ಕಟ್ಟೆಯ ಮೇಲೋ ಒಬ್ಬರು ಓದಿ ಮತ್ತೊಬ್ಬರು ಅರ್ಥ ಬಿಡಿಸಿ ಹೇಳಿದರೆ ಊರಿಗೆ ಊರೇ ಕುಳಿತು ಕೇಳುತ್ತಿತ್ತು. ಅಕ್ಷರ ಬಾರದವನಿಗಾಗಲಿ ಕಣ್ಣು ಕಾಣದವನಿಗಾಗಲಿ ಆ ಸಭೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ದೃಷ್ಟಿಯಿಲ್ಲದೆಯೇ ಸಂಗೀತದ ಶಿಖರವನ್ನು ಮುಟ್ಟಿದವರು; ಪುಟ್ಟರಾಜರಂತೂ ಹತ್ತಾರು ಗ್ರಂಥಗಳನ್ನು ರಚಿಸಿದರು. ಕೇಳಿ ಕಲಿಯುವ ಆ ಹಳೆಯ ದಾರಿಯನ್ನು ಇಂದು ಗಣಕಯಂತ್ರವು ಹೊಸದೊಂದು ರೀತಿಯಲ್ಲಿ ತೆರೆದುಕೊಟ್ಟಿದೆ. ಆ ದಾರಿ ಎಂತಹುದು, ಕನ್ನಡದ ಮಟ್ಟಿಗೆ ಅದು ಎಲ್ಲಿ ಕಟ್ಟಿಕೊಂಡಿದೆ, ಅದನ್ನು ಬಿಡಿಸುವ ಬಗೆ ಯಾವುದು ಎಂಬುದನ್ನು ವಾಚಕರಲ್ಲಿ ನಿವೇದಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಷಯದತ್ತ ನನ್ನ ಗಮನ ಹರಿದದ್ದು ಬೆಂಗಳೂರಿನ ಒಂದು ತಂತ್ರಜ್ಞಾನ ಸಮ್ಮೇಳನದಲ್ಲಿ. ಆ ನಗರದಲ್ಲಿ ಇಂತಹ ಸಮ್ಮೇಳನಗಳಿಗೆ ಬರವಿಲ್ಲ. ರಾಜ್ಯ ಸರ್ಕಾರದ ಆಶ್ರಯದಲ್ಲಿ 1998ರಲ್ಲಿ ‘ಬೆಂಗಳೂರು ಐಟಿ ಡಾಟ್ ಕಾಂ’ ಎಂಬ ಹೆಸರಿನಿಂದ ಆರಂಭವಾದ ಮಹಾಮೇಳವು ಈಗ ‘ಬೆಂಗಳೂರು ಟೆಕ್ ಸಮಿಟ್’ ಎಂಬ ಹೆಸರಿನಿಂದ ನಡೆಯುತ್ತಿದೆ. ಅದಲ್ಲದೆ ಚಿಕ್ಕಪುಟ್ಟ ಸಭೆಗಳು ವರ್ಷವಿಡೀ ಜರುಗುತ್ತಿರುತ್ತವೆ. ಅಂತಹ ಚಿಕ್ಕ ಸಭೆಯೊಂದಕ್ಕೆ, ಶಾಲೆಗಳಲ್ಲಿ ಗಣಕಯಂತ್ರದ ಬೋಧನೆ ಹೇಗಿರಬೇಕೆಂಬುದನ್ನು ತಿಳಿಯುವ ಸಲುವಾಗಿ, ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಬಂದು, ಹಿರಿಯೂರು, ಸಿರಾ, ತುಮಕೂರುಗಳ ಮಾರ್ಗವಾಗಿ ಹೋಗಿದ್ದೆನು. ದೊಡ್ಡ ಸಭಾಂಗಣದಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ಉಪನ್ಯಾಸ. ಅಲ್ಲಿ ನಿಲ್ಲಲೂ ಸ್ಥಳವಿರಲಿಲ್ಲ. ಪಕ್ಕದ ಕಿರುಕೋಣೆಯಲ್ಲಿ ಇಪ್ಪತ್ತು ಜನರೂ ಇರಲಿಲ್ಲ. ಕುಳಿತುಕೊಳ್ಳಲು ಕುರ್ಚಿ ದೊರೆಯಿತೆಂಬ ಕಾರಣದಿಂದಲೇ ನಾನು ಅಲ್ಲಿ ಕುಳಿತದ್ದೆಂದರೆ ಅದು ಸುಳ್ಳಲ್ಲ.

ಅಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪ್, ಒಂದು ಧ್ವನಿವರ್ಧಕ ಇಷ್ಟೇ ಇದ್ದವು. ಹುಟ್ಟಿನಿಂದಲೇ ದೃಷ್ಟಿಯಿಲ್ಲದ ತರುಣಿಯೊಬ್ಬರು ಲ್ಯಾಪ್‌ಟಾಪಿನ ಪರದೆಯನ್ನು ಪೂರ್ಣವಾಗಿ ಆರಿಸಿ, ಕೀಲಿಮಣೆಯನ್ನು ಮಾತ್ರ ಬಳಸಿ, ಒಂದು ಇಂಗ್ಲಿಷ್ ಜಾಲತಾಣವನ್ನು ತೆರೆದರು. ಯಂತ್ರವು ಓದತೊಡಗಿತು. ಅದರ ವೇಗವೆಷ್ಟೆಂದರೆ ನಮ್ಮಲ್ಲಿ ಯಾರಿಗೂ ಒಂದು ಶಬ್ದವೂ ಹಿಡಿಯಲಿಲ್ಲ. ಅಭ್ಯಾಸಬಲದಿಂದ ಅವರಿಗೆ ಅದು ಸಹಜವಾಗಿತ್ತು. ಕ್ಷಣಾರ್ಧದಲ್ಲಿ ತಮಗೆ ಬೇಕಾದ ಸುದ್ದಿಯನ್ನು ಹುಡುಕಿ ತೆಗೆದರು. ಬಳಿಕ ಮತ್ತೊಂದು ಪುಟ. ಅದು ನೋಡುವವರಿಗೆ ಬಲು ಸೊಗಸಾದ ಪುಟವೆಂದು ಸಭಿಕರೊಬ್ಬರು ಹೇಳಿದರು. ಆದರೆ ಯಂತ್ರವು ‘ಚಿತ್ರ, ಕೊಂಡಿ, ಚಿತ್ರ, ಕೊಂಡಿ, ಗುಂಡಿ’ ಎಂದು ಜಪಿಸಿತೇ ಹೊರತು ಮತ್ತೇನನ್ನೂ ಹೇಳಲಿಲ್ಲ. ಮೂರನೆಯದು ಕನ್ನಡದ ಒಂದು ಕಡತ. ಅದರಿಂದ ಹೊರಟದ್ದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ಬಿಡಿ ಅಕ್ಷರಗಳು, ಹಣದ ಚಿಹ್ನೆಗಳು, ಏನೋ ಒಂದು ಗೊಂದಲ. ಪರದೆಯನ್ನು ಬೆಳಗಿಸಿ ನೋಡಿದರೆ ಅಚ್ಚಕನ್ನಡದ ಅಂದವಾದ ಪುಟ! ಈ ವ್ಯತ್ಯಾಸದ ಮರ್ಮವನ್ನು ಅರಿಯುವುದೇ ಮುಖ್ಯವಾದುದು.

ಮೊದಲು ಈ ಓದುವ ಯಂತ್ರದ ವಿಷಯ. ಇದಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ವಾಚಕ ತಂತ್ರಾಂಶವೆಂದು ಕರೆಯಬಹುದು. ಇದು ಹೊಸ ಸಂಗತಿಯೇನಲ್ಲ. ಅಪಘಾತದಲ್ಲಿ ದೃಷ್ಟಿಯನ್ನು ಕಳೆದುಕೊಂಡ ಅಮೆರಿಕದ ಟೆಡ್ ಹೆಂಟರ್ ಎಂಬವರು ಕಟ್ಟಿದ ಸಂಸ್ಥೆಯಿಂದ 1989ರಲ್ಲಿ ‘ಜಾಸ್’ ಎಂಬ ತಂತ್ರಾಂಶ ಹೊರಬಂದಿತು. ಅದರ ಬೆಲೆ ನಮ್ಮ ನಾಡಿನ ಸಾಮಾನ್ಯರಿಗೆ ಎಟುಕುವಂತಹುದಲ್ಲ. 2006ರಲ್ಲಿ ಆಸ್ಟ್ರೇಲಿಯದ ಮೈಕೇಲ್ ಕರ್ರನ್ ಎಂಬ ದೃಷ್ಟಿಹೀನ ತರುಣರು ‘ಎನ್‌ವಿಡಿಎ’ ಎಂಬ ಮತ್ತೊಂದನ್ನು ರಚಿಸತೊಡಗಿದರು. ಅವರಂತೆಯೇ ದೃಷ್ಟಿಯಿಲ್ಲದ ಜೇಮ್ಸ್ ಟೆ ಎಂಬವರು ಅವರ ಜೊತೆಗೂಡಿದರು. ಅದು ಎಲ್ಲರಿಗೂ ಉಚಿತ. ‘ಇಸ್ಪೀಕ್’ ಎಂಬ ಧ್ವನಿ ತಂತ್ರಾಂಶದ ನೆರವಿನಿಂದ ಅದು ಕನ್ನಡವನ್ನೂ ಓದುತ್ತದೆ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಎಂಬ ಸಂಸ್ಥೆಯು ಭಾರತೀಯ ಭಾಷೆಗಳಲ್ಲಿ ಈ ಧ್ವನಿಯನ್ನು ತಿದ್ದಿ ಉತ್ತಮಪಡಿಸುವ ಕಾರ್ಯವನ್ನು ಕೈಗೊಂಡಿತ್ತು. ಇಷ್ಟೆಲ್ಲ ಏಕೆ, ಆಂಡ್ರಾಯ್ಡ್ ಜಾತಿಯ ದೂರವಾಣಿಗಳಲ್ಲಿ ‘ಟಾಕ್‌ಬ್ಯಾಕ್’ ಎಂಬ ಹೆಸರಿನಿಂದ ಇಂತಹುದೊಂದು ವ್ಯವಸ್ಥೆ ಇರುತ್ತದೆ. ನಮ್ಮ ಜೇಬಿನಲ್ಲಿರುವ ಯಂತ್ರವೇ ಪುರಾಣಿಕನಾಗಲು ಸಿದ್ಧವಾಗಿದೆಯೆಂದರ್ಥ.

ಆದರೆ ಪುರಾಣಿಕನಿಗೆ ಕಣ್ಣಿದೆ, ಈ ಯಂತ್ರಕ್ಕೆ ಮೂಲತಃ ಕಣ್ಣಿಲ್ಲ. ಅದು ಪುಟದ ರೂಪವನ್ನು ನೋಡುವುದಿಲ್ಲ. ಪುಟದ ಹಿಂದೆ ಅಡಗಿರುವ ಬರಹವನ್ನು ತೆಗೆದುಕೊಂಡು ಓದುತ್ತದೆ. ಈ ಒಂದು ಮಾತನ್ನು ನೆನಪಿಟ್ಟರೆ ಸುಗಮ್ಯ ಜಾಲತಾಣದ ತತ್ತ್ವವೆಲ್ಲವೂ ತಾನಾಗಿಯೇ ತಿಳಿಯುತ್ತದೆ. ಉದಾಹರಣೆಗೆ, ಒಂದು ಶೀರ್ಷಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ಯಂತ್ರಕ್ಕೆ ಅದು ಶೀರ್ಷಿಕೆಯೆಂದು ತಿಳಿಯದು. ‘ಇದು ಶೀರ್ಷಿಕೆ’ ಎಂಬ ಗುರುತನ್ನು ಪುಟದ ಒಳಗಡೆ ಕೊಡಬೇಕು. ಕೊಟ್ಟಲ್ಲಿ ಓದುಗನು ‘ಎಚ್’ ಕೀಲಿಯನ್ನು ಒತ್ತುತ್ತ ಶೀರ್ಷಿಕೆಯಿಂದ ಶೀರ್ಷಿಕೆಗೆ ನೆಗೆಯಬಲ್ಲನು. ಕೊಡದಿದ್ದಲ್ಲಿ ನೂರು ಸಾಲುಗಳನ್ನೂ ಮೊದಲಿನಿಂದ ಕೇಳಬೇಕು. ಅರ್ಜಿ ನಮೂನೆಯಲ್ಲಿ ಖಾಲಿ ಚೌಕದ ಪಕ್ಕದಲ್ಲಿ ‘ತಂದೆಯ ಹೆಸರು’ ಎಂದು ಬರೆದಿರಬಹುದು. ಆ ಹೆಸರಿಗೂ ಚೌಕಕ್ಕೂ ಒಳಗಿನಿಂದ ಗಂಟು ಹಾಕದಿದ್ದರೆ ಕೇಳುವವನಿಗೆ ‘ಬರೆಯಿರಿ’ ಎಂಬ ಆಜ್ಞೆ ಮಾತ್ರ ಕೇಳಿಸುತ್ತದೆ, ಏನನ್ನು ಬರೆಯಬೇಕೆಂಬುದು ಕೇಳಿಸುವುದಿಲ್ಲ. ‘ಇಲ್ಲಿ ಒತ್ತಿರಿ’ ಎಂಬ ಕೊಂಡಿಗಳೂ ಹೀಗೆಯೇ. ಕೊಂಡಿಗಳನ್ನಷ್ಟೇ ಪಟ್ಟಿಮಾಡಿ ಕೇಳುವವನಿಗೆ ಹತ್ತು ಸಲ ‘ಇಲ್ಲಿ ಒತ್ತಿರಿ’ ಎಂದು ಕೇಳಿಸಿದರೆ ಯಾವುದು ವಿದ್ಯಾರ್ಥಿವೇತನದ್ದು, ಯಾವುದು ಬಸ್ ಪಾಸಿನದು?

ಚಿತ್ರಗಳ ವಿಷಯದಲ್ಲಿ ಪರ್ಯಾಯ ಪಠ್ಯವೆಂಬುದೊಂದನ್ನು ಬರೆಯುವ ಪದ್ಧತಿಯಿದೆ. ಅದು ಪರದೆಯ ಮೇಲೆ ಕಾಣಿಸದು, ವಾಚಕ ತಂತ್ರಾಂಶಕ್ಕೆ ಮಾತ್ರ ದೊರೆಯುತ್ತದೆ. ಇದನ್ನು ಬರೆಯುವುದು ಒಂದು ಸೂಕ್ಷ್ಮ ವಿದ್ಯೆ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವು 1933ರ ಬಳಿಕ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದಿತು. ಆ ದೃಶ್ಯದ ಛಾಯಾಚಿತ್ರಕ್ಕೆ ‘ಅಣೆಕಟ್ಟು’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ‘ವಾಣಿವಿಲಾಸ ಸಾಗರದ ಕೋಡಿಯ ಮೇಲೆ ವೇದಾವತಿಯ ನೀರು ಧುಮುಕುತ್ತಿರುವುದು, 2022’ ಎಂದರೆ ಕೇಳುವವನೂ ಆ ಸಂಭ್ರಮದಲ್ಲಿ ಭಾಗಿಯಾಗುತ್ತಾನೆ. ಅಂಚಿನ ಹೂಬಳ್ಳಿಯ ಅಲಂಕಾರಕ್ಕಾದರೋ ಏನನ್ನೂ ಬರೆಯದೆ ಯಂತ್ರವು ಅದನ್ನು ದಾಟಿ ಹೋಗುವಂತೆ ಗುರುತು ಮಾಡುವುದೇ ಸರಿಯಾದ ಕ್ರಮ. ಎಲ್ಲವನ್ನೂ ವರ್ಣಿಸುವುದು ಸೌಜನ್ಯವಲ್ಲ; ಕೇಳುವವನ ಕಾಲವೂ ಬೆಲೆಯುಳ್ಳದ್ದು.

ಇಂತಹ ನಿಯಮಗಳನ್ನೆಲ್ಲ ಕ್ರೋಢೀಕರಿಸಿ ಅಂತರಜಾಲದ ಮಾನಕಗಳನ್ನು ರೂಪಿಸುವ ಅಂತರರಾಷ್ಟ್ರೀಯ ಒಕ್ಕೂಟವು 1999ರಲ್ಲಿ ಮಾರ್ಗಸೂಚಿಯನ್ನು ಪ್ರಕಟಿಸಿತು. 2008ರಲ್ಲಿ ಅದರ ಎರಡನೆಯ ಆವೃತ್ತಿಯೂ ಆ ಬಳಿಕ 2018 ಮತ್ತು 2023ರಲ್ಲಿ ಪರಿಷ್ಕರಣಗಳೂ ಹೊರಬಂದವು. ಪುಟದಲ್ಲಿರುವುದು ಯಾವುದಾದರೊಂದು ಇಂದ್ರಿಯಕ್ಕೆ ಗೋಚರವಾಗಬೇಕು, ಮೌಸ್ ಇಲ್ಲದೆಯೂ ಅದನ್ನು ನಡೆಸಲು ಬರಬೇಕು, ಅರ್ಥವಾಗಬೇಕು, ಬೇರೆ ಬೇರೆ ಯಂತ್ರಗಳಲ್ಲಿಯೂ ನಾಳಿನ ಯಂತ್ರಗಳಲ್ಲಿಯೂ ಕೆಡದೆ ನಿಲ್ಲಬೇಕು. ಅದರ ಸಾರವಿಷ್ಟೇ. ಇದು ಕೇವಲ ದೃಷ್ಟಿಹೀನರಿಗೆ ಸಂಬಂಧಿಸಿದ್ದೆಂದು ಭಾವಿಸಬಾರದು. ಕೈ ನಡುಗುವವರಿಗೆ ಕೀಲಿಮಣೆಯ ದಾರಿ ಬೇಕು. ಕಿವಿ ಕೇಳದವರಿಗೆ ಚಲಚ್ಚಿತ್ರದ ಕೆಳಗೆ ಬರಹ ಬೇಕು. ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಇರುವ ಅಂತರವನ್ನು ಒಂದು ಅನುಪಾತದಿಂದ ಅಳೆಯುತ್ತಾರೆ. ಬಿಳಿಯ ಮೇಲೆ ಕಪ್ಪಾದರೆ ಅದು 21ಕ್ಕೆ 1; ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಇರಬೇಕೆಂದು ನಿಯಮ. ಬಿಳಿಯ ಮೇಲೆ ತೆಳುಬೂದು ಅಕ್ಷರಗಳನ್ನು ಇಡುವುದು ಈಗಿನ ಷೋಕಿ. ಹಿರಿಯೂರಿನ ಬಿಸಿಲಿನಲ್ಲಿ ಹೊಲದ ಬದುವಿನ ಮೇಲೆ ನಿಂತು, ಕಣ್ಣಿಗೆ ಪೊರೆ ಬರುತ್ತಿರುವ ರೈತನೊಬ್ಬನು ಈರುಳ್ಳಿಯ ಧಾರಣೆಯನ್ನು ದೂರವಾಣಿಯಲ್ಲಿ ನೋಡುವ ಸಂದರ್ಭವನ್ನು ಆ ಷೋಕಿಗಾರರು ಊಹಿಸಿದಂತಿಲ್ಲ. ಹಾಗೆಯೇ ಭೀಮಸಮುದ್ರದ ಅಡಿಕೆಯ ಧಾರಣೆ ಏರಿದ್ದನ್ನು ಹಸಿರಿನಿಂದಲೂ ಇಳಿದದ್ದನ್ನು ಕೆಂಪಿನಿಂದಲೂ ಮಾತ್ರ ಸೂಚಿಸಿದರೆ, ಈ ಎರಡು ಬಣ್ಣಗಳ ಭೇದ ತಿಳಿಯದ ಕಣ್ಣುಳ್ಳವರಿಗೆ ಏರಿಕೆಯೂ ಇಳಿಕೆಯೂ ಒಂದೇ. ಪಕ್ಕದಲ್ಲಿ ಒಂದು ಬಾಣದ ಗುರುತನ್ನಿಟ್ಟರೆ ಸಾಕು.

ಇಲ್ಲಿ ನಮ್ಮ ಊರಿನ ಕೋಟೆಯ ನೆನಪಾಗುತ್ತದೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಕಟ್ಟಿದವರ ಉದ್ದೇಶ ಹೊರಗಿನವನು ಸುಲಭವಾಗಿ ಒಳಗೆ ಬರಬಾರದೆಂಬುದು. ಬಾಗಿಲಿಗೆ ನೇರವಾದ ದಾರಿಯಿಲ್ಲ. ಪ್ರತಿಯೊಂದು ತಿರುವೂ ಬಂದವನನ್ನು ತಡೆಯುವುದಕ್ಕಾಗಿ ಇದೆ. ಓಬವ್ವನ ಕಿಂಡಿಯಂತೂ ಒಬ್ಬನು ನುಸುಳುವಷ್ಟೇ ಅಗಲ. ಅದು ಯುದ್ಧಶಾಸ್ತ್ರದ ಜಾಣ್ಮೆ. ಎಲ್ಲರನ್ನೂ ಸ್ವಾಗತಿಸಲು ಕಟ್ಟಿದ ಜಾಲತಾಣವು ದೃಷ್ಟಿಹೀನನ ಪಾಲಿಗೆ ಇದೇ ರೀತಿಯ ಕೋಟೆಯಾಗಿ ಪರಿಣಮಿಸುವುದು ಮಾತ್ರ ಯಾರ ಉದ್ದೇಶವೂ ಅಲ್ಲ, ಆದರೂ ನಡೆಯುತ್ತದೆ. ಮನುಷ್ಯನೋ ಯಂತ್ರವೋ ಎಂದು ಪರೀಕ್ಷಿಸಲು ಸೊಟ್ಟಗೆರೆಯ ಅಕ್ಷರಗಳನ್ನು ತೋರಿಸಿ ‘ಇದನ್ನು ನೋಡಿ ಬರೆಯಿರಿ’ ಎನ್ನುತ್ತಾರಷ್ಟೆ. ಕಣ್ಣಿಲ್ಲದ ಮನುಷ್ಯನು ಆ ಪರೀಕ್ಷೆಯಲ್ಲಿ ಮನುಷ್ಯನೇ ಅಲ್ಲವೆಂದಾಗುತ್ತದೆ. ವಿಕಲಚೇತನರ ಗುರುತಿನ ಪ್ರಮಾಣಪತ್ರಕ್ಕೂ 2021ರಿಂದ ಅಂತರಜಾಲದ ಮೂಲಕವೇ ಅರ್ಜಿ ಸಲ್ಲಬೇಕಾಗಿರುವುದನ್ನು ಗಮನಿಸಿದರೆ, ಈ ವಿಷಯ ಎಷ್ಟು ಗಹನವೆಂಬುದು ತಿಳಿಯುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ವಿಕಲಚೇತನರ ಸಂಖ್ಯೆ 13 ಲಕ್ಷ 24 ಸಾವಿರಕ್ಕೂ ಮೇಲ್ಪಟ್ಟಿತ್ತು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಕನ್ನಡದ ಪುಟವೊಂದು ಕಣ್ಣಿಗೆ ಕನ್ನಡವಾಗಿ, ಕಿವಿಗೆ ಗೊಂದಲವಾಗಿ ತೋರಲು ಕಾರಣವೇನು?

ಗಣಕಯಂತ್ರವು ಅಕ್ಷರಗಳನ್ನು ಅರಿಯದು, ಸಂಖ್ಯೆಗಳನ್ನು ಮಾತ್ರ ಅರಿಯುತ್ತದೆ. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿದಾಗಲೇ ಬರಹವನ್ನು ಸಂಗ್ರಹಿಸಲು ಸಾಧ್ಯ. ಮೊದಮೊದಲು ಈ ಸಂಖ್ಯೆಗಳ ಕೋಷ್ಟಕದಲ್ಲಿ ರೋಮನ್ ಲಿಪಿಗೂ ಐರೋಪ್ಯ ಭಾಷೆಗಳ ಕೆಲವು ಗುರುತುಗಳಿಗೂ ಮಾತ್ರ ಸ್ಥಳವಿತ್ತು. ಆಗ ನಮ್ಮ ತಂತ್ರಜ್ಞರು ಒಂದು ಉಪಾಯ ಹೂಡಿದರು. ಕನ್ನಡದ ಅಕ್ಷರಭಾಗಗಳ ಆಕಾರವನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದರು. ಅಂದರೆ ಯಂತ್ರದ ಲೆಕ್ಕದಲ್ಲಿ ಅದು ‘ಪಿ’. ನಮ್ಮ ಕಣ್ಣಿಗೆ ಮಾತ್ರ ತಲೆಕಟ್ಟಿಲ್ಲದ ‘ಕ’. ಶೇಷಾದ್ರಿ ವಾಸು ಅವರು 1998ರಲ್ಲಿ ಹೊರತಂದ ‘ಬರಹ’ ತಂತ್ರಾಂಶವೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಆ ಕಾಲದಲ್ಲಿ ನಾಡಿಗೆ ಮಾಡಿದ ಉಪಕಾರ ಅಷ್ಟಿಷ್ಟಲ್ಲ. ಅವಿಲ್ಲದಿದ್ದರೆ ನಮ್ಮ ಕಚೇರಿಗಳಲ್ಲಿಯೂ ಅಚ್ಚುಕೂಟಗಳಲ್ಲಿಯೂ ಕನ್ನಡ ನಿಲ್ಲುತ್ತಿರಲಿಲ್ಲ. ಆದ್ದರಿಂದ ಈಗ ಹೇಳುವ ಮಾತು ಆ ಮಹನೀಯರ ಮೇಲಿನ ಆಕ್ಷೇಪವಲ್ಲ. ಅವರೂ ಮುಂದೆ ಹೊಸ ಪದ್ಧತಿಯನ್ನು ತಮ್ಮ ತಂತ್ರಾಂಶಗಳಲ್ಲಿ ಅಳವಡಿಸಿದರು.

ಹಳೆಯ ನುಡಿ ಅಕ್ಷರದಲ್ಲಿ ‘ಕನ್ನಡ’ ಎಂದು ಬರೆದರೆ ಯಂತ್ರದ ಸ್ಮೃತಿಯಲ್ಲಿ ದಾಖಲಾಗುವುದು ಹೀಗೆ: ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆಯುಳ್ಳ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯಲ್ಲಿ ‘ಸ’ಕಾರಕ್ಕೆ ಬಳಸುವ ಒಂದು ವಿಶೇಷಾಕ್ಷರ, ಚಿಕ್ಕ ‘ಕ್ಯೂ’, ಕೊನೆಗೆ ಪುನಃ ‘ಎ’. ವಾಚಕ ತಂತ್ರಾಂಶವು ಪ್ರಾಮಾಣಿಕವಾಗಿ ಇದನ್ನೇ ಓದುತ್ತದೆ. ಸಮ್ಮೇಳನದ ಕೋಣೆಯಲ್ಲಿ ನಾವು ಕೇಳಿದ ಹಣದ ಚಿಹ್ನೆಗಳು ಇವೇ. ಯಂತ್ರದ ತಪ್ಪೇನೂ ಇಲ್ಲ. ಆ ಪುಟದಲ್ಲಿ ಕನ್ನಡವೇ ಇಲ್ಲ, ಕನ್ನಡದ ವೇಷವಿದೆ.

ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಸ್ಥಿತಿ ಬೇರೆ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕವಾಗಿ 128 ಸ್ಥಾನಗಳು ಮೀಸಲಾದವು: 3200ರಿಂದ 3327ರವರೆಗೆ. ‘ಕ’ಕಾರಕ್ಕೆ 3221, ‘ನ’ಕಾರಕ್ಕೆ 3240, ‘ಡ’ಕಾರಕ್ಕೆ 3233, ಒತ್ತಕ್ಷರವನ್ನು ಸೂಚಿಸುವ ವಿರಾಮಚಿಹ್ನೆಗೆ 3277. ‘ಕನ್ನಡ’ ಎಂಬ ಪದವು ಅಲ್ಲಿ ಐದು ಸಂಖ್ಯೆಗಳು: ಕ, ನ, ವಿರಾಮ, ನ, ಡ. ಇದು ನಾವು ಬಾಲ್ಯದಲ್ಲಿ ಕಾಗುಣಿತ ಕಲಿತ ಕ್ರಮವೇ ಆಗಿದೆಯಲ್ಲವೆ? ಈ ಸಂಖ್ಯೆಗಳು ಹೊಸದುರ್ಗದ ಯಂತ್ರದಲ್ಲಿಯೂ ಅಮೆರಿಕದ ಯಂತ್ರದಲ್ಲಿಯೂ ಒಂದೇ. ಆದ್ದರಿಂದ ಯಾವ ವಾಚಕ ತಂತ್ರಾಂಶವಾದರೂ ಅದನ್ನು ಕನ್ನಡವೆಂದು ಗುರುತಿಸಬಲ್ಲದು. ಯಾವ ಹುಡುಕುವ ಯಂತ್ರವಾದರೂ ಅದನ್ನು ಹುಡುಕಬಲ್ಲದು.

ಯೂನಿಕೋಡಿನಲ್ಲಿ ಬರೆದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದಲ್ಲ. ಕನ್ನಡದ ಅನುಸ್ವಾರವೂ ಸೊನ್ನೆಯೂ ನೋಡಲು ಹೆಚ್ಚುಕಡಮೆ ಒಂದೇ. ಆದರೆ ಅನುಸ್ವಾರದ ಸಂಖ್ಯೆ 3202, ಸೊನ್ನೆಯ ಅಂಕಿಯದು 3302. ಸರಿಯಾಗಿ ನೂರರ ಅಂತರ. ಅವಸರದ ಬೆರಳಚ್ಚಿನಲ್ಲಿ ‘ಅಂಕ’ ಎಂಬಲ್ಲಿ ಅನುಸ್ವಾರಕ್ಕೆ ಬದಲಾಗಿ ಸೊನ್ನೆ ಬಿದ್ದರೆ ಕರಡು ತಿದ್ದುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಕಿವಿಗೆ ಮಾತ್ರ ಪದವು ಮುರಿದುಬೀಳುತ್ತದೆ. ಕಣ್ಣಿರುವವನಿಗೆ ಕಾಣದ ದೋಷವು ಕಣ್ಣಿಲ್ಲದವನಿಗೆ ಮೊದಲು ತಿಳಿಯುವ ಈ ವೈಚಿತ್ರ್ಯವನ್ನು ಕರಡು ತಿದ್ದುವ ಕೆಲಸದಲ್ಲಿ ಉಪಯೋಗಿಸಿಕೊಳ್ಳಬಹುದೆಂದು ನನಗೆ ತೋರುತ್ತದೆ.

ಮತ್ತೊಂದು ಅಡ್ಡಿಯೆಂದರೆ ಬಿಂಬರೂಪದ ಕಡತ. ಸುತ್ತೋಲೆಯನ್ನು ಯಂತ್ರದಲ್ಲಿ ಬೆರಳಚ್ಚು ಮಾಡಿ, ಮುದ್ರಿಸಿ, ಸಹಿಹಾಕಿ, ಮೊಹರೊತ್ತಿ, ಪುನಃ ಅದರ ಛಾಯೆಯನ್ನು ತೆಗೆದು ಜಾಲತಾಣಕ್ಕೆ ಏರಿಸುವ ಪದ್ಧತಿ ಎಲ್ಲೆಡೆಯೂ ಇದೆ. ಬರಹವಾಗಿದ್ದುದನ್ನು ಚಿತ್ರವನ್ನಾಗಿ ಮಾಡಿದಂತಾಯಿತು. ಜಾತ್ರೆ, ನಾಟಕ, ಪ್ರವಚನಗಳ ಆಹ್ವಾನ ಪತ್ರಿಕೆಗಳೂ ಇಂದು ವಾಟ್ಸಾಪ್‌ನಲ್ಲಿ ಚಿತ್ರಗಳಾಗಿಯೇ ಸಂಚರಿಸುತ್ತವೆ. ನಾಟಕವು ಕಿವಿಗೂ ಸಲ್ಲುವ ಕಲೆ; ಸಂಗೀತವಂತೂ ಕಿವಿಯದೇ. ದೃಷ್ಟಿಹೀನ ರಸಿಕನಿಗೆ ಪ್ರದರ್ಶನವನ್ನು ಸವಿಯಲು ಅಡ್ಡಿಯಿಲ್ಲ, ಅದು ಯಾವ ದಿನ ಎಷ್ಟು ಗಂಟೆಗೆ ಎಂಬುದನ್ನು ತಿಳಿಯಲು ಅಡ್ಡಿ. ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳು ಈಚೆಗೆ ಕನ್ನಡದಲ್ಲಿಯೂ ಸುಧಾರಿಸುತ್ತಿವೆ, ನಿಜ. ಆದರೆ ಚಿತ್ರದ ಕೆಳಗೆ ಎರಡು ಸಾಲು ಬೆರಳಚ್ಚು ಮಾಡುವುದಕ್ಕಿಂತ ಸುಲಭವಾದ ತಂತ್ರ ಯಾವುದೂ ಇಲ್ಲ.

ಕಾನೂನಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಅನುಮೋದಿಸಿತು. ಸರ್ಕಾರದ ಜಾಲತಾಣಗಳಿಗೆ 2009ರಲ್ಲಿ ಮಾರ್ಗಸೂಚಿ ಬಂದಿತು. ಮೇಲೆ ಹೇಳಿದ ಬೆಂಗಳೂರಿನ ಸಂಸ್ಥೆಯು 2012ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ದೇಶದ 7800 ಸರ್ಕಾರಿ ಜಾಲತಾಣಗಳನ್ನು ಪರೀಕ್ಷೆಗೆ ತೆಗೆದುಕೊಂಡಾಗ 1985 ತಾಣಗಳು ತೆರೆಯಲೇ ಇಲ್ಲವಂತೆ! ಸುಗಮ್ಯತೆಯ ಪ್ರಶ್ನೆ ಆಮೇಲಿನದು. 2016ರಲ್ಲಿ ಅಂಗೀಕೃತವಾಗಿ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 42ನೆಯ ಪ್ರಕರಣವು ಮುದ್ರಣ, ಧ್ವನಿ, ವಿದ್ಯುನ್ಮಾನ ಮಾಧ್ಯಮಗಳಲ್ಲಿರುವ ವಿಷಯಗಳೆಲ್ಲವೂ ಸುಗಮ್ಯವಾಗಿರುವಂತೆ ಸರ್ಕಾರವು ಕ್ರಮ ಕೈಗೊಳ್ಳಬೇಕೆಂದು ವಿಧಿಸುತ್ತದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಅದಕ್ಕಿಂತ ಮುಂದೆ ಹೋಗಿ, ಅಂತರಜಾಲದ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಅಂಗವೆಂದು ಸಾರಿತು. ಅರ್ಜಿದಾರರು ಆಮ್ಲದಾಳಿಗೆ ತುತ್ತಾದವರು ಮತ್ತು ದೃಷ್ಟಿಹೀನರು. ಬ್ಯಾಂಕಿನ ಗುರುತು ಪರೀಕ್ಷೆಯಲ್ಲಿ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕೆಂಬ ಷರತ್ತು ಅವರ ದಾರಿಯನ್ನು ಮುಚ್ಚಿತ್ತು. ಪುಸ್ತಕಗಳ ವಿಷಯದಲ್ಲಿಯೂ ಅನುಕೂಲವಿದೆ. 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾನೂನು ವಿಕಲಚೇತನರಿಗಾಗಿ ಪುಸ್ತಕಗಳನ್ನು ಸುಗಮ್ಯ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ. 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ವೆಂಬ ಅಂತರಜಾಲ ಗ್ರಂಥಾಲಯವು ಅಂತಹ ಪುಸ್ತಕಗಳನ್ನು ಒದಗಿಸುತ್ತದೆ. ಬೆಂಗಳೂರಿನಲ್ಲಿ 1990ರಲ್ಲಿ ಸ್ಥಾಪಿತವಾದ ಮಿತ್ರಜ್ಯೋತಿಯಂತಹ ಸಂಸ್ಥೆಗಳು ಧ್ವನಿಪುಸ್ತಕ ಹಾಗೂ ಬ್ರೈಲ್ ಪುಸ್ತಕಗಳ ಮೂಲಕ ಬಹುಕಾಲದಿಂದ ಸೇವೆ ಸಲ್ಲಿಸುತ್ತಿವೆ.

ಕಾನೂನು ಸರ್ಕಾರವನ್ನೂ ಬ್ಯಾಂಕುಗಳನ್ನೂ ಎಚ್ಚರಿಸಬಹುದು. ಆದರೆ ನಮ್ಮಂತಹ ಗ್ರಾಮಾಂತರ ವಿದ್ಯಾಸಂಸ್ಥೆಯ ವಾರ್ಷಿಕ ಸಂಚಿಕೆಯನ್ನು ಯಾವ ನ್ಯಾಯಾಲಯವೂ ವಿಚಾರಿಸಲು ಬರುವುದಿಲ್ಲ. ಅಲ್ಲಿಯ ಕೆಲಸ ನಮ್ಮದೇ. ಹೊಸದುರ್ಗ ತಾಲ್ಲೂಕಿನವರೇ ಆದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಮಧ್ಯವಯಸ್ಸಿನಲ್ಲಿ ಕಣ್ಣಿನ ನರದ ರೋಗದಿಂದ ಕ್ರಮೇಣ ದೃಷ್ಟಿಯನ್ನು ಕಳೆದುಕೊಂಡರು. ದೂರವಾಣಿಯ ವಾಚಕದ ನೆರವಿನಿಂದ ಇಂದಿಗೂ ಪತ್ರಿಕೆಗಳನ್ನು ಕೇಳುತ್ತಾರೆ, ಪತ್ರ ಬರೆಯುತ್ತಾರೆ. ಹತ್ತನೆಯ ತರಗತಿಯಲ್ಲಿದ್ದಾಗ ತಮ್ಮ ತಂದೆಯವರು ತೆಂಗಿನ ತೋಟ ಮಾಡಿದ ಬಗೆಯನ್ನು ಕುರಿತು ಅವರು ಬರೆದಿದ್ದ ಪ್ರಬಂಧವು ಹಿಂದಿನ ಒಂದು ಸಂಚಿಕೆಯಲ್ಲಿ ಅಚ್ಚಾಗಿತ್ತು. ತಂದೆಯವರು ತೀರಿಕೊಂಡ ಬಳಿಕ ಅದನ್ನೊಮ್ಮೆ ಓದಬೇಕೆನಿಸಿ ಕಡತವನ್ನು ಕೇಳಿ ತರಿಸಿಕೊಂಡರು. ಕಡತ ಹೋಯಿತು. ಅವರ ದೂರವಾಣಿಯು ‘ಪಿ, ಎ, ಪೌಂಡ್’ ಎಂದು ಓದಿತು. ತಾವೇ ಬರೆದದ್ದನ್ನು ತಾವೇ ಓದಲಾಗದೆ, ಮಗಳಿಂದ ಓದಿಸಿಕೊಂಡೆನೆಂದು ಅವರು ಹೇಳಿದಾಗ, ಸಮ್ಮೇಳನದಲ್ಲಿ ತಾಂತ್ರಿಕ ವಿಷಯವಾಗಿ ಕೇಳಿದ್ದು ನನಗೆ ನಮ್ಮ ಮನೆಯ ವಿಷಯವಾಯಿತು.

ಅಚ್ಚುಮೊಳೆಗಳ ಕಾಲದ ಸಂಚಿಕೆಗಳಿಗೆ ಕಡತವೇ ಇಲ್ಲ. ಅವು ಕಾಗದದಲ್ಲಿ ಮಾತ್ರ ಉಳಿದಿವೆ. ಡಿಟಿಪಿ ಬಂದ ಬಳಿಕದ ಸಂಚಿಕೆಗಳು ಕಡತಗಳಾಗಿ ಉಳಿದಿದ್ದರೂ ಹಳೆಯ ಅಕ್ಷರಗಳ ವೇಷದಲ್ಲಿವೆ. ಪುಟ ಕಟ್ಟುವ ಹಳೆಯ ತಂತ್ರಾಂಶಗಳು ಕನ್ನಡದ ಯೂನಿಕೋಡನ್ನು ಬಲ್ಲವಾಗಿರಲಿಲ್ಲವಾದ್ದರಿಂದ ಅಚ್ಚುಕೂಟಗಳಿಗೆ ಬೇರೆ ದಾರಿಯಿರಲಿಲ್ಲ. ಈಗಿನ ತಂತ್ರಾಂಶಗಳಿಗೆ ಆ ತೊಡಕಿಲ್ಲ, ಅಭ್ಯಾಸವೊಂದು ಉಳಿದಿದೆ. ಈ ವೇಷವನ್ನು ಕಳಚಲು ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಅವು ನೂರಕ್ಕೆ ನೂರು ಸರಿಯಾಗಿ ಮಾಡುವುದಿಲ್ಲ. ಅರ್ಕಾವತ್ತು, ಒತ್ತಕ್ಷರ, ದೀರ್ಘಗಳಲ್ಲಿ ಎಡವುತ್ತವೆ; ನಡುವೆ ಬರುವ ಇಂಗ್ಲಿಷ್ ಪದಗಳನ್ನು ಕನ್ನಡವೆಂದು ಬಗೆದು ವಿಚಿತ್ರ ಶಬ್ದಗಳನ್ನು ಸೃಷ್ಟಿಸುತ್ತವೆ. ಆದಕಾರಣ ಕರಡು ತಿದ್ದುವ ಕೆಲಸ ತಪ್ಪದು.

ಈ ಕೆಲಸ ನಮ್ಮ ಶಕ್ತಿಗೆ ಮೀರಿದ್ದೆಂದು ಹೇಳುವವರಿಗೆ ನೆರೆಯಲ್ಲಿಯೇ ನಿದರ್ಶನಗಳಿವೆ. ಸಿರಿಗೆರೆಯ ತರಳಬಾಳು ಬೃಹನ್ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ಪಾಣಿನಿಯ ವ್ಯಾಕರಣಸೂತ್ರಗಳನ್ನು ಗಣಕಯಂತ್ರಕ್ಕೆ ಅಳವಡಿಸಿ ‘ಗಣಕಾಷ್ಟಾಧ್ಯಾಯೀ’ ಎಂಬ ತಂತ್ರಾಂಶವನ್ನು ರೂಪಿಸಿದರು. ನಗರದ ಪ್ರಯೋಗಾಲಯದಲ್ಲಿ ಅಲ್ಲ, ನಮ್ಮ ಜಿಲ್ಲೆಯ ಒಂದು ಹಳ್ಳಿಯ ಮಠದಲ್ಲಿ. ವಚನಸಾಹಿತ್ಯದ ವಿಷಯದಲ್ಲಿ, ಕೆಲವು ಮಂದಿ ಸಾಹಿತ್ಯಾಸಕ್ತರೂ ತಂತ್ರಜ್ಞರೂ ಸೇರಿ 2013ರಲ್ಲಿ ಆರಂಭಿಸಿದ ‘ವಚನ ಸಂಚಯ’ದಿಂದ 20 ಸಾವಿರಕ್ಕೂ ಮೇಲ್ಪಟ್ಟ ವಚನಗಳು ಯೂನಿಕೋಡಿನಲ್ಲಿ ಹುಡುಕಿ ಓದಲು ದೊರೆಯುವಂತಾದವು. ಅದರ ಮೊದಲ ಉದ್ದೇಶ ಸಂಶೋಧಕರಿಗೆ ನೆರವಾಗುವುದು. ಆದರೆ ಬರಹವು ನಿಜವಾದ ಕನ್ನಡವಾಗಿರುವುದರಿಂದ, ಕಣ್ಣಿಲ್ಲದ ಓದುಗನೂ ತನಗೆ ಬೇಕಾದ ಶರಣನ ವಚನವನ್ನು ಹುಡುಕಿ ಕೇಳಬಹುದು. ಸುಗಮ್ಯತೆಗೆಂದು ಪ್ರತ್ಯೇಕವಾಗಿ ವೆಚ್ಚ ಮಾಡಬೇಕಾದ ಪ್ರಸಂಗಗಳು ವಾಸ್ತವವಾಗಿ ಕಡಮೆ. ಅಡಿಪಾಯ ಹಾಕುವಾಗಲೇ ಇಳಿಜಾರು ದಾರಿಯನ್ನು ಸೇರಿಸಿದರೆ ನಾಲ್ಕು ಬುಟ್ಟಿ ಗಾರೆ ಹೆಚ್ಚಿಗೆ ಬೇಕಾದೀತು. ಕಟ್ಟಡ ಮುಗಿದ ಮೇಲೆ ಮೆಟ್ಟಿಲು ಒಡೆದು ಮಾಡಹೊರಟಾಗಲೇ ಖರ್ಚು.

ಪ್ರಸ್ತುತ ಸಂಚಿಕೆಯ ಲೇಖನಗಳನ್ನು ಯೂನಿಕೋಡಿನಲ್ಲಿಯೇ ಬೆರಳಚ್ಚು ಮಾಡಿಸಲಾಗಿದೆ. ಲೇಖಕರಲ್ಲಿ ಇಬ್ಬರು ಹಿರಿಯರು ಕೈಬರಹದಲ್ಲಿ ಕೊಟ್ಟರು. ಅದೂ ಸಂತೋಷವೇ, ವಿದ್ಯಾರ್ಥಿಗಳಿಗೆ ಅಭ್ಯಾಸವಾಯಿತು. ಹಿಂದಿನ ಸಂಚಿಕೆಗಳ ಕಡತಗಳನ್ನು ಪರಿವರ್ತಿಸುವ ಕಾರ್ಯವು ಶನಿವಾರ ಮಧ್ಯಾಹ್ನಗಳಲ್ಲಿ ಶಾಲೆಯ ಗಣಕಯಂತ್ರದ ಕೊಠಡಿಯಲ್ಲಿ ನಡೆಯುತ್ತಿದೆ. ಒಂಬತ್ತನೆಯ ತರಗತಿಯ ಮಕ್ಕಳು ಇಬ್ಬಿಬ್ಬರಾಗಿ ಕುಳಿತು, ಒಬ್ಬರು ಅಚ್ಚಾದ ಪುಸ್ತಕವನ್ನು ಹಿಡಿದಿರಲು, ಮತ್ತೊಬ್ಬರು ಕಣ್ಣುಮುಚ್ಚಿ ಎನ್‌ವಿಡಿಎ ಓದುವುದನ್ನು ಕೇಳುತ್ತಾರೆ. ಯಂತ್ರವು ಎಡವಿದಲ್ಲಿ ನಿಲ್ಲಿಸಿ ತಿದ್ದುತ್ತಾರೆ. ಮೊದಲು ಕೈಗೆತ್ತಿಕೊಂಡದ್ದು ತೆಂಗಿನ ತೋಟದ ಪ್ರಬಂಧವನ್ನು. ಮೂರು ಪುಟಗಳ ಆ ಬರಹದಲ್ಲಿ ಹನ್ನೊಂದು ಕಡೆ ಅನುಸ್ವಾರದ ಜಾಗದಲ್ಲಿ ಸೊನ್ನೆಯಿತ್ತು, ಒಂದು ಕಡೆ ‘ಕಲ್ಪವೃಕ್ಷ’ವು ಮುರಿದಿತ್ತು. ತಿದ್ದಿದ ಕಡತವನ್ನು ಕಳೆದ ತಿಂಗಳು ಹೊಸದುರ್ಗಕ್ಕೆ ಕಳುಹಿಸಲಾಯಿತು.